ಜರ್ಮನ್ ಎಂ.ಎ., ಪಿಎಚ್.ಡಿ. ಓದಲು ದುಡ್ಡು ಹೊಂದಿಸುವುದು ಹೇಗೆ? ಮುಂಬೈ, ಪುಣೆ, ಗೋವಾದ ಕನ್ನಡದ ಮಕ್ಕಳಿಗೆ

ಮುಂಬೈ, ಪುಣೆಯಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಜರ್ಮನ್ ಕಲಿಯುವವರು ಕಡಿಮೆಯೇನಿಲ್ಲ. ಶಾಲೆಯಲ್ಲಿ ಅಂಕ ಚೆನ್ನಾಗಿ ಬರುತ್ತೆ ಅಂತ ತಗೊಂಡವರು ಕಾಲೇಜಿನಲ್ಲೂ ಬಿಡದೆ ಮುಂದುವರಿಸಿ, ಬಿ.ಎ. ಮುಗಿಯುವ ಹೊತ್ತಿಗೆ ಇದೇ ನನ್ನ ದಾರಿ ಅಂತ ತೀರ್ಮಾನ ಮಾಡಿರುತ್ತಾರೆ. ಆಗ ಮನೆಯಲ್ಲಿ ಶುರುವಾಗುತ್ತೆ. ಇಂಜಿನಿಯರಿಂಗ್ ಆದರೆ ಬ್ಯಾಂಕಿನವರು ಸಾಲ ಕೊಡ್ತಾರೆ, ಸಾಹಿತ್ಯ ಓದೋಕೆ ಯಾರು ಕೊಡ್ತಾರೆ ಅಂತ ಅಪ್ಪ ಕೇಳುತ್ತಾರೆ. ನಾನು ಪುಣೆಯಲ್ಲಿ ಜರ್ಮನ್ ಕಲಿಸುತ್ತೇನೆ, ಈ ಪ್ರಶ್ನೆ ಪ್ರತಿ ವರ್ಷ ನನ್ನ ತನಕ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ನೇರ ಉತ್ತರ ಇಲ್ಲಿದೆ.

ದುಡ್ಡು ಇದೆ. ಆದರೆ 'ಸ್ಕಾಲರ್‌ಶಿಪ್' ಅಂತ ಒಂದೇ ಹೆಸರಿನಲ್ಲಿ ಹುಡುಕಿದರೆ ಅದರ ಕಾಲು ಭಾಗವೂ ಕಣ್ಣಿಗೆ ಬೀಳುವುದಿಲ್ಲ. ಒಂದು ಕಡೆ ಫೀಸೇ ಇರುವುದಿಲ್ಲ, ಇನ್ನೊಂದು ಕಡೆ ಪಾಠ ಮಾಡಿದ್ದಕ್ಕೆ ಸಂಬಳ ಅಂತ ಬರುತ್ತೆ, ಮತ್ತೊಂದು ಕಡೆ ಬಡ್ಡಿ ಇಲ್ಲದ ಸಾಲ. ಇವನ್ನೆಲ್ಲ ಸರಿಯಾದ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು, ಅಷ್ಟೇ. ಹೊರಡುವ ದಿನಕ್ಕಿಂತ ಒಂದೂವರೆ ವರ್ಷ ಮೊದಲೇ ಶುರು ಮಾಡಿ.

ಮೊದಲು ಸಿ-1, ಆಮೇಲೆ ಉಳಿದದ್ದು

ಭಾಷೆಯ ಮಟ್ಟವೇ ನಿಮ್ಮ ದೊಡ್ಡ ಬಂಡವಾಳ. ಭಾಷೆ ಎಷ್ಟು ಬರುತ್ತೆ ಅಂತ ಅಳೆಯಲು ಎ-1ರಿಂದ ಸಿ-2ರ ತನಕ ಆರು ಮಟ್ಟ ಇವೆ, ಸಿ-1 ಅಂದರೆ ಮೇಲಿನಿಂದ ಎರಡನೆಯದು. ಜರ್ಮನಿಯಲ್ಲಿ ಜರ್ಮನ್ ಸಾಹಿತ್ಯದ ಎಂ.ಎ.ಗೆ ಸಾಮಾನ್ಯವಾಗಿ ಸಿ-1 ಮಟ್ಟ ಬೇಕು. ಗೋಥೆ ಸಂಸ್ಥೆಯ ಪರೀಕ್ಷೆಯಾದರೂ ಸರಿ, ವಿಶ್ವವಿದ್ಯಾಲಯ ಪ್ರವೇಶಕ್ಕೆಂದೇ ಇರುವ ಜರ್ಮನ್ ಪರೀಕ್ಷೆ ಟೆಸ್ಟ್‌ಡಾಫ್ ಆದರೂ ಸರಿ. ಟೆಸ್ಟ್‌ಡಾಫ್‌ನಲ್ಲಿ ನಾಲ್ಕೂ ಭಾಗಗಳಲ್ಲಿ 4ನೇ ಮಟ್ಟ ಬಂದರೆ ಹೆಚ್ಚಿನ ವಿಶ್ವವಿದ್ಯಾಲಯಗಳು ಒಪ್ಪುತ್ತವೆ. ಗೋಥೆ ಸಂಸ್ಥೆಗೆ ನಮ್ಮಲ್ಲಿ ಮ್ಯಾಕ್ಸ್ ಮ್ಯೂಲರ್ ಭವನ ಅನ್ನುತ್ತಾರೆ. ಪುಣೆಯವರಿಗೆ ಬೋಟ್ ಕ್ಲಬ್ ರೋಡಿನದ್ದು, ಮುಂಬೈಯವರಿಗೆ ಕಾಲಾ ಘೋಡಾದ್ದು. ಗೋವಾದವರು ರಾತ್ರಿ ಬಸ್ಸು ಹತ್ತಿ ಇವೆರಡರಲ್ಲಿ ಒಂದಕ್ಕೆ ಬರುವುದು ವಾಡಿಕೆ.

ಸಿ-1 ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಜರ್ಮನಿಗೆ ಹೋಗುವ ಭಾರತದ ಹುಡುಗರಲ್ಲಿ ತುಂಬಾ ಮಂದಿ ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸಿಗೆ ಹೋಗುವವರು. ಓದಿಗೆ ದುಡ್ಡು ಕೊಡುವ ಅಲ್ಲಿನ ಹಲವು ಪ್ರತಿಷ್ಠಾನಗಳು ಬಿ-2 ಅಥವಾ ಅದಕ್ಕಿಂತ ಮೇಲಿನ ಜರ್ಮನ್ ಕೇಳುತ್ತವೆ, ಸಂದರ್ಶನವನ್ನೂ ಜರ್ಮನ್‌ನಲ್ಲೇ ಮಾಡುತ್ತವೆ. ಅವರೆಲ್ಲ ಹೆದರುವ ಆ ಬಾಗಿಲಲ್ಲಿ ನೀವು ಆರಾಮಾಗಿ ಒಳಗೆ ಹೋಗಬಹುದು. ಪ್ರಮಾಣಪತ್ರ ಮಾತ್ರ ಹೊಸದಿರಲಿ, ಎರಡು ವರ್ಷಕ್ಕಿಂತ ಹಳೆಯದನ್ನು ಕೆಲವು ಕಡೆ ಒಪ್ಪುವುದಿಲ್ಲ.

ಇಲ್ಲೇ ಎಂ.ಎ. ಮಾಡುವುದಾದರೆ

ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ದುಡ್ಡಿನ ಅನುಕೂಲ ಇಲ್ಲದವರು ಎಂ.ಎ. ಇಲ್ಲಿ ಮಾಡಿ ಪಿಎಚ್.ಡಿ.ಗೆ ಹೊರಗೆ ಹೋಗುವುದೇ ಒಳ್ಳೆಯದು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗ ಫರ್ಗ್ಯೂಸನ್ ಕಾಲೇಜ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿದೆ. ಮುಂಬೈ ವಿಶ್ವವಿದ್ಯಾಲಯದ ಜರ್ಮನ್ ವಿಭಾಗ ಕಾಲೀನಾ ಕ್ಯಾಂಪಸ್ಸಿನಲ್ಲಿದೆ, ನಮ್ಮ ಕನ್ನಡ ವಿಭಾಗವೂ ಅದೇ ಕ್ಯಾಂಪಸ್ಸಿನಲ್ಲಿದೆ. ಊರು ಬಿಡಲು ತಯಾರಿದ್ದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ (ಇಫ್ಲು), ದೆಹಲಿಯ ಜೆಎನ್‌ಯು ಮತ್ತು ದೆಹಲಿ ವಿಶ್ವವಿದ್ಯಾಲಯ ಇವೆ.

ಎಂ.ಎ. ಮೊದಲ ವರ್ಷಕ್ಕೆ ಸೇರಿದ ಕೂಡಲೇ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್ ತೆರೆಯಿರಿ. ಅಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಸ್ನಾತಕೋತ್ತರ ವಿದ್ಯಾರ್ಥಿವೇತನ ಇದೆ. ತಿಂಗಳಿಗೆ 15,000 ರೂಪಾಯಿ, ವರ್ಷಕ್ಕೆ 10 ತಿಂಗಳು, ಎರಡು ವರ್ಷ. ದೇಶಕ್ಕೆಲ್ಲ ಸೇರಿ 10,000 ಜಾಗ, ಅದರಲ್ಲಿ ಶೇಕಡಾ 30 ಹುಡುಗಿಯರಿಗೆ. ಆಯ್ಕೆ ಪದವಿಯ ಅಂಕಗಳ ಮೇಲೆ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಎರಡನೇ ವರ್ಷಕ್ಕೆ ಬಂದ ಮೇಲೆ ಹೊಸದಾಗಿ ಅವಕಾಶ ಇಲ್ಲ. ಇದು ಸೈನ್ಸಿನವರಿಗೆ ಮಾತ್ರ ಅಂದುಕೊಂಡು ಭಾಷೆಯ ವಿದ್ಯಾರ್ಥಿಗಳು ಅರ್ಜಿಯನ್ನೇ ಹಾಕುವುದಿಲ್ಲ. ನೀವು ಹಾಗೆ ಮಾಡಬೇಡಿ.

ರಾಜ್ಯ ಸರ್ಕಾರದ ದುಡ್ಡಿನ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ಮಹಾರಾಷ್ಟ್ರದ ವಿದ್ಯಾರ್ಥಿವೇತನಗಳು ಮಹಾಡಿಬಿಟಿ ಪೋರ್ಟಲಿನಲ್ಲಿವೆ, ಹೆಚ್ಚಿನದಕ್ಕೆ ಮಹಾರಾಷ್ಟ್ರದ ಡೊಮಿಸೈಲ್ ಬೇಕು. ಅಪ್ಪ ಡೊಂಬಿವಲಿಗೆ ಬಂದು ಎಷ್ಟೇ ವರ್ಷವಾಗಿರಲಿ, ಜಾತಿ ಪ್ರಮಾಣಪತ್ರ ಉಡುಪಿ ಅಥವಾ ವಿಜಯಪುರದ್ದಾಗಿದ್ದರೆ ಮಹಾರಾಷ್ಟ್ರದ ಮೀಸಲು ಯೋಜನೆಗಳಲ್ಲಿ ಅದು ನಡೆಯುವುದಿಲ್ಲ. ಆಗ ಕರ್ನಾಟಕದ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯನ್ನೇ ಕೇಳಬೇಕು. ಎರಡೂ ರಾಜ್ಯದಲ್ಲಿ ಅರ್ಧರ್ಧ ಕಾಗದ ಇಟ್ಟುಕೊಂಡು ಎಲ್ಲೂ ಪೂರ್ತಿ ಆಗದ ಮನೆಗಳು ಬೇಕಾದಷ್ಟಿವೆ. ಆದ್ದರಿಂದ ಯಾವ ರಾಜ್ಯ ಅನ್ನುವುದನ್ನು ಬಿ.ಎ. ಕೊನೆಯ ವರ್ಷದಲ್ಲೇ ಮನೆಯವರ ಜೊತೆ ಕೂತು ತೀರ್ಮಾನಿಸಿ.

ಗೋವಾದಲ್ಲಿ 15 ವರ್ಷ ವಾಸದ ಪ್ರಮಾಣಪತ್ರ ಇದ್ದವರಿಗೆ ಒಳ್ಳೆಯ ಅನುಕೂಲವಿದೆ. ಉನ್ನತ ಓದಿಗೆ ಮನೋಹರ್ ಪರ್ರಿಕರ್ ಗೋವಾ ಸ್ಕಾಲರ್ಸ್ ಯೋಜನೆ ಇದೆ, ಗೋವಾ ಶಿಕ್ಷಣ ಅಭಿವೃದ್ಧಿ ನಿಗಮದ ಬಡ್ಡಿ ಇಲ್ಲದ ಶಿಕ್ಷಣ ಸಾಲವೂ ಇದೆ. ವಾಸ್ಕೋ, ಮಡಗಾಂವ್ ಕಡೆಯ ಕನ್ನಡದ ಮನೆಗಳಲ್ಲಿ ಮಕ್ಕಳು ಅಲ್ಲೇ ಹುಟ್ಟಿ ಬೆಳೆದಿರುತ್ತಾರೆ, ಆದರೂ ಇದು ನಮಗಲ್ಲ ಅಂದುಕೊಂಡಿರುತ್ತಾರೆ. ಶರತ್ತುಗಳನ್ನು ಒಮ್ಮೆ ಓದಿ ನೋಡಿ.

ನೆಟ್ ಬರೆಯಿರಿ, ದಯವಿಟ್ಟು ಬರೆಯಿರಿ

ಯುಜಿಸಿ ನೆಟ್ ಅಂದರೆ ಕಾಲೇಜಿನಲ್ಲಿ ಕಲಿಸಲು, ಸಂಶೋಧನೆ ಮಾಡಲು ಇರುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಅದರಲ್ಲಿ ಜರ್ಮನ್ ಒಂದು ವಿಷಯ. ಹೆಚ್ಚು ಅಂಕ ಬಂದವರಿಗೆ ಕೊಡುವ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಪುಣೆಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದುಕೊಂಡು ಪಿಎಚ್.ಡಿ. ಮಾಡುವವರಿಗೆ ಇದು ಯಾವ ವಿದೇಶಿ ಫೆಲೋಶಿಪ್‌ಗೂ ಕಡಿಮೆಯಲ್ಲ.

ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿಯಲ್ಲಿ. ಮೂರು ಗಂಟೆಯಲ್ಲಿ 150 ಪ್ರಶ್ನೆ, ಅದರಲ್ಲಿ 50 ಎಲ್ಲರಿಗೂ ಒಂದೇ ಆಗಿರುವ ಮೊದಲ ಪತ್ರಿಕೆಯದ್ದು. ಜರ್ಮನ್ ವಿದ್ಯಾರ್ಥಿಗಳ ಅಂಕ ಕೆಡುವುದು ಅಲ್ಲೇ. ಗೋಥೆ, ಶಿಲ್ಲರ್, ಕಾಫ್ಕಾ ಎಲ್ಲ ನಾಲಿಗೆ ತುದಿಯಲ್ಲಿರುತ್ತೆ, ಅಂಕಿ ಅಂಶದ ಕೋಷ್ಟಕ ಬಂದಾಗ ಕೈ ನಡುಗುತ್ತೆ. ದಿನಕ್ಕೆ ಅರ್ಧ ಗಂಟೆ ಹಳೆಯ ಮೊದಲ ಪತ್ರಿಕೆಗಳನ್ನು ಬಿಡಿಸಿ, ಸಾಕು. ಜೆಆರ್‌ಎಫ್‌ಗೆ ವಯಸ್ಸು 30 ಮೀರಿರಬಾರದು. ಹೆಂಗಸರಿಗೆ ಮತ್ತು ಮೀಸಲು ವರ್ಗದವರಿಗೆ ಐದು ವರ್ಷ ಸಡಿಲಿಕೆ ಇದೆ. 2024ರ ಜೂನ್ ಸರದಿಯಿಂದ ನೆಟ್ ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸುತ್ತಿದ್ದಾರೆ, ಆದ್ದರಿಂದ ಜೆಆರ್‌ಎಫ್ ತಪ್ಪಿದರೂ ಬರೆದದ್ದು ವ್ಯರ್ಥವಾಗುವುದಿಲ್ಲ. ಮನೆಗೆ ಒಬ್ಬಳೇ ಮಗಳಾಗಿದ್ದು ಪಿಎಚ್.ಡಿ.ಗೆ ಸೇರಿದವರು ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ಪನ್ನೂ ನೋಡಿಕೊಳ್ಳಿ.

ಜರ್ಮನಿಗೆ ಹೋಗುವುದಾದರೆ ಲೆಕ್ಕ ಹೀಗೆ

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರಿಗೆ ಒಂದಿಷ್ಟು ನೂರು ಯೂರೋ ಕಟ್ಟಿದರೆ ಆಯಿತು. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರ ಚಳಿಗಾಲದ ಸೆಮಿಸ್ಟರಿನಿಂದ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸಿದೆ. ಹೈಡೆಲ್‌ಬರ್ಗ್, ಟ್ಯೂಬಿಂಗನ್, ಫ್ರೈಬುರ್ಗ್, ಸಾಹಿತ್ಯದವರು ಮೊದಲು ಆಸೆಪಡುವ ಹೆಸರುಗಳೆಲ್ಲ ಆ ರಾಜ್ಯದಲ್ಲೇ ಇವೆ, ಏನು ಮಾಡೋದು! ಲೈಪ್ಜಿಗ್‌ನ ಹರ್ಡರ್ ಇನ್‌ಸ್ಟಿಟ್ಯೂಟ್, ಬೈರಾಯ್ಟ್ ಮತ್ತು ಗ್ಯೋಟಿಂಗನ್ನಿನ ಅಂತರ್‌ಸಾಂಸ್ಕೃತಿಕ ಜರ್ಮನ್ ಅಧ್ಯಯನ, ಇವು ಭಾರತದಿಂದ ಹೋಗುವವರಿಗೆ ಹೊಂದುತ್ತವೆ. ಜರ್ಮನ್ ಕಲಿಸುವ ಕೆಲಸವೇ ಮುಂದಿನ ಗುರಿಯಾಗಿದ್ದರೆ ಲೈಪ್ಜಿಗ್ ಅನ್ನೇ ಮೊದಲು ನೋಡಿ ಅನ್ನುತ್ತೇನೆ.

ನಿಮ್ಮ ಅಂಕ ಅಲ್ಲಿ ಎಷ್ಟಾಗುತ್ತದೆ ಅಂತ ಮೊದಲೇ ತಿಳಿದಿರಲಿ. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಬಂದದ್ದನ್ನು ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಪಾಸಿಗೆ 40 ಇರುವ ಕಡೆ ನಿಮಗೆ ಶೇಕಡಾ 70 ಬಂದಿದ್ದರೆ, 30ನ್ನು 60ರಿಂದ ಭಾಗಿಸಿದಾಗ ಅರ್ಧ, ಮೂರರಿಂದ ಗುಣಿಸಿದರೆ ಒಂದೂವರೆ, ಒಂದು ಕೂಡಿಸಿದರೆ 2.5. ಶೇಕಡಾ 60 ಆದರೆ 3.0. ಹಲವು ಎಂ.ಎ. ಕೋರ್ಸುಗಳು 2.5 ಅಥವಾ ಅದಕ್ಕಿಂತ ಒಳ್ಳೆಯದನ್ನು ಕೇಳುತ್ತವೆ. ನಮ್ಮಲ್ಲಿ ಭಾಷೆಗೆ ಬಿಗಿಯಾಗಿ ಅಂಕ ಕೊಡುವ ಕಾಲೇಜಿನವರಿಗೆ ಇದು ನೋವಿನ ವಿಷಯ, ಆದರೆ ಅರ್ಜಿಗೆ ದುಡ್ಡು ಕಟ್ಟುವ ಮೊದಲೇ ಗೊತ್ತಿರುವುದು ಒಳ್ಳೆಯದಲ್ವಾ? ವಿಶ್ವವಿದ್ಯಾಲಯಗಳ ಪರವಾಗಿ ಹೊರದೇಶದವರ ಅರ್ಜಿ ನೋಡುವ ಯೂನಿ-ಅಸಿಸ್ಟ್ ಮೂಲಕ ಹೋದರೆ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಪ್ರತಿ ಅರ್ಜಿಗೆ 30. ಇದಕ್ಕೂ ಮೊದಲು ನಿಮ್ಮ ಅಂಕಪಟ್ಟಿ, ಪದವಿ ಪತ್ರ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು, 18,000 ರೂಪಾಯಿ, ಕೈಗೆ ಬರಲು ಸಮಯ ಹಿಡಿಯುತ್ತೆ.

ಇನ್ನು ದೊಡ್ಡ ಗೋಡೆ, ಬ್ಲಾಕ್ಡ್ ಅಕೌಂಟ್, ಅಂದರೆ ಮೊದಲೇ ದುಡ್ಡಿಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ. 2024ರ ಸೆಪ್ಟೆಂಬರಿನಿಂದ ವೀಸಾಕ್ಕೆ ಒಂದು ವರ್ಷಕ್ಕೆ 11,904 ಯೂರೋ ತೋರಿಸಬೇಕು, ಅಂದರೆ ಸುಮಾರು 12 ಲಕ್ಷ ರೂಪಾಯಿ. ಇದು ಫೀಸಲ್ಲ, ನಿಮ್ಮದೇ ದುಡ್ಡು. ತಿಂಗಳಿಗೆ 992 ಯೂರೋದಂತೆ ನಿಮಗೇ ವಾಪಸ್ ಬರುತ್ತೆ. ಪೂರ್ತಿ ಖರ್ಚು ನೋಡಿಕೊಳ್ಳುವ ವಿದ್ಯಾರ್ಥಿವೇತನದ ಪತ್ರ ಇದ್ದರೆ ಈ ಖಾತೆಯೇ ಬೇಡ.

ಆ ಪತ್ರ ಯಾರು ಕೊಡುತ್ತಾರೆ? ಮೊದಲ ಹೆಸರು ಡಿಎಎಡಿ. ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆ ಅಂತ 1925ರಿಂದ ಇರುವ ಸಂಸ್ಥೆ, ದೆಹಲಿಯಲ್ಲಿ ಕಚೇರಿ ಇದೆ. ಅದರ ಸ್ಕಾಲರ್‌ಶಿಪ್ ಡೇಟಾಬೇಸಿನಲ್ಲಿ ದೇಶ ಭಾರತ, ವಿಷಯ ಭಾಷೆ-ಸಂಸ್ಕೃತಿ, ನಿಮ್ಮ ಹಂತ ಎಂ.ಎ. ಅಥವಾ ಪಿಎಚ್.ಡಿ. ಅಂತ ಮೂರನ್ನೂ ಆರಿಸಿದ ಮೇಲೆ ಬರುವ ಪಟ್ಟಿಯನ್ನು ಮಾತ್ರ ನಂಬಿ. ಬೇರೆ ದೇಶದವರಿಗೆ ಇರುವ ಯೋಜನೆಯನ್ನು ಯಾರೋ ವಾಟ್ಸ್ಯಾಪಿನಲ್ಲಿ ಕಳಿಸಿದ್ದನ್ನು ನೋಡಿ ತಿಂಗಳುಗಟ್ಟಲೆ ತಯಾರಿ ಮಾಡುವವರಿದ್ದಾರೆ. ಎಂ.ಎ. ಹಂತದ ಡಿಎಎಡಿ ವೇತನ 2024ರ ಕೊನೆಯಿಂದ ತಿಂಗಳಿಗೆ 992 ಯೂರೋ, ಪಿಎಚ್.ಡಿ.ಗೆ ಅದಕ್ಕಿಂತ ಜಾಸ್ತಿ. ಕೊನೆಯ ಪದವಿ ಮುಗಿದು ಆರು ವರ್ಷಕ್ಕಿಂತ ಹೆಚ್ಚಾಗಿರಬಾರದು, ಜರ್ಮನಿಗೆ ಹೋಗಿ 15 ತಿಂಗಳಿಗಿಂತ ಹೆಚ್ಚಾಗಿರಬಾರದು. ಕೆಲಸಕ್ಕೆ ಸೇರಿ ಆಮೇಲೆ ನೋಡೋಣ ಅನ್ನುವವರು ಈ ಆರು ವರ್ಷದ ಮೇಲೆ ಒಂದು ಕಣ್ಣಿಟ್ಟಿರಿ. ಇಲ್ಲಿ ಪಿಎಚ್.ಡಿ. ಮಾಡುತ್ತಲೇ ಕೆಲವು ತಿಂಗಳು ಅಲ್ಲಿಗೆ ಹೋಗಿ ಸಂಶೋಧನೆ ಮಾಡಿ ಬರಲೂ ಡಿಎಎಡಿ ಅನುದಾನ ಇದೆ.

ಎರಡನೆಯದು ರಾಜಕೀಯ ಪಕ್ಷಗಳಿಗೆ ಹತ್ತಿರದ ಪ್ರತಿಷ್ಠಾನಗಳು. ಹೈನ್ರಿಷ್ ಬ್ಯೋಲ್, ಫ್ರೀಡ್ರಿಷ್ ಎಬರ್ಟ್, ಕೊನ್ರಾಡ್ ಆಡೆನೌವರ್, ರೋಸಾ ಲುಕ್ಸೆಂಬುರ್ಗ್. ಭಾಷೆ ಕೇಳುತ್ತವೆ ಅಂದೆನಲ್ಲ, ಅದು ಇವೇ. ಪ್ರವೇಶ ಸಿಕ್ಕ ಮೇಲೆ ಅಥವಾ ಅಲ್ಲಿ ಓದು ಶುರು ಮಾಡಿದ ಮೇಲೆ ಅರ್ಜಿ ಹಾಕುವಂಥವು ಹೆಚ್ಚು. ಅಂಕದ ಜೊತೆಗೆ ಸಮಾಜಕ್ಕಾಗಿ ಏನು ಮಾಡಿದ್ದೀರಿ ಅಂತ ನೋಡುತ್ತಾರೆ. ಭಾನುವಾರ ಕನ್ನಡ ಸಂಘದಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದ್ದು, ಮಾಟುಂಗಾದಲ್ಲಿ ನಾಟಕದ ತಂಡದ ಜೊತೆ ಓಡಾಡಿದ್ದು, ಧಾರಾವಿಯ ಶಾಲೆಯಲ್ಲಿ ಪಾಠ ಹೇಳಿದ್ದು ಎಲ್ಲ ಲೆಕ್ಕಕ್ಕೆ ಬರುತ್ತೆ. ನಮ್ಮ ಮಕ್ಕಳು ಅದನ್ನೆಲ್ಲ ಬರೆಯುವುದೇ ಇಲ್ಲ, ಅದೇನು ದೊಡ್ಡ ವಿಷಯ ಅಂತ ಬಿಟ್ಟುಬಿಡುತ್ತಾರೆ. ಬರೆಯಿರಿ. ಎಷ್ಟು ವರ್ಷ, ವಾರಕ್ಕೆ ಎಷ್ಟು ಗಂಟೆ, ನಿಮ್ಮ ಜವಾಬ್ದಾರಿ ಏನಿತ್ತು, ಎಲ್ಲ ಬರೆಯಿರಿ.

ಅಲ್ಲಿಗೆ ಹೋದ ಮೇಲೆ ಡಾಯ್ಚ್‌ಲಾಂಡ್‌ಸ್ಟಿಪೆಂಡಿಯಂ ಅಂತ ತಿಂಗಳಿಗೆ 300 ಯೂರೋ ಇದೆ. ಅರ್ಧ ಸರ್ಕಾರದ್ದು, ಅರ್ಧ ಖಾಸಗಿ ದಾನಿಗಳದ್ದು, ಯಾವ ದೇಶದವರಾದರೂ ಪಡೆಯಬಹುದು. ವಿಭಾಗದಲ್ಲೇ ಪ್ರೊಫೆಸರಿಗೆ ಸಹಾಯಕರಾಗಿ ಗಂಟೆ ಲೆಕ್ಕದ ಕೆಲಸವೂ ಸಿಗುತ್ತದೆ, ಅದಕ್ಕೆ ಅಲ್ಲಿ ಹಿವಿ ಅನ್ನುತ್ತಾರೆ. ಹೊರಗಿನ ಕೆಲಸಕ್ಕೆ ವರ್ಷಕ್ಕೆ 140 ಪೂರ್ಣ ದಿನದ ಮಿತಿ ಇದೆ.

ಪ್ರಸ್ತಾವ ಬರೆಯುವಾಗ ಕನ್ನಡ ಮರೆಯಬೇಡಿ

ಪಿಎಚ್.ಡಿ. ಅರ್ಜಿಯ ಜೀವ ಇರುವುದು ಸಂಶೋಧನಾ ಪ್ರಸ್ತಾವದಲ್ಲಿ. ಕಾಫ್ಕಾ ಮೇಲೆ, ಬ್ರೆಷ್ಟ್ ಮೇಲೆ ಬರೆದ ಪ್ರಸ್ತಾವಗಳು ಆಯ್ಕೆ ಮಾಡುವವರ ಮೇಜಿನ ಮೇಲೆ ಬೇಕಾದಷ್ಟು ಬಿದ್ದಿರುತ್ತವೆ. ನಿಮಗೆ ಬರುವ ಎರಡು ಭಾಷೆ ಸೇರುವ ಕಡೆ ಹುಡುಕಿ. ಜರ್ಮನ್ ಮಿಷನರಿ ಹರ್ಮನ್ ಮ್ಯೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಶುರು ಮಾಡಿದರು. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಬಂದರು, ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಇವರಿಬ್ಬರಿಗೂ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. ಮಂಗಳೂರು, ಧಾರವಾಡ, ಹುಬ್ಬಳ್ಳಿಯಿಂದ ಮಿಷನರಿಗಳು ಕಳಿಸಿದ ಪತ್ರ, ವರದಿಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ಸಂಗ್ರಹಾಲಯದಲ್ಲಿವೆ, ಬಹಳಷ್ಟು ಕುರೆಂಟ್ ಅನ್ನುವ ಹಳೆಯ ಜರ್ಮನ್ ಕೈಬರಹದಲ್ಲಿ. ಆ ಬರಹ ಓದಬಲ್ಲ ಜರ್ಮನರಿಗೆ ಸಾಮಾನ್ಯವಾಗಿ ಕನ್ನಡ ಬರುವುದಿಲ್ಲ, ಕನ್ನಡ ಬಲ್ಲವರಿಗೆ ಆ ಬರಹ ಬರುವುದಿಲ್ಲ. ಎರಡೂ ಬರುವವರು ನೀವಾದರೆ ಪ್ರೊಫೆಸರ್ ನಿಮ್ಮ ಇಮೇಲ್ ಕೊನೆಯ ತನಕ ಓದುತ್ತಾರೆ. ಕುರೆಂಟ್ ಕೆಲವೇ ತಿಂಗಳ ಅಭ್ಯಾಸದಲ್ಲಿ ಕೈಗೆ ಹತ್ತುತ್ತದೆ.

ಆ ಇಮೇಲ್ ಜರ್ಮನ್‌ನಲ್ಲೇ ಇರಲಿ, ಒಂದು ಪುಟ ಮೀರದಿರಲಿ. ಮೊದಲ ಸಾಲಿನಲ್ಲೇ ಯಾವ ವರ್ಷಗಳು, ಯಾವ ಪಠ್ಯ, ಯಾವ ಪ್ರಶ್ನೆ ಅಂತ ಬರಬೇಕು. 'ಚಿಕ್ಕಂದಿನಿಂದಲೂ ನನಗೆ ಜರ್ಮನ್ ಸಂಸ್ಕೃತಿಯ ಮೇಲೆ ಒಲವು' ಅಂತ ಶುರು ಮಾಡಬೇಡಿ. '1843ರಿಂದ 1870ರ ನಡುವೆ ಧಾರವಾಡದಿಂದ ಬಾಸೆಲ್‌ಗೆ ಹೋದ ವರದಿಗಳಲ್ಲಿ ದಾಸರ ಪದಗಳನ್ನು ಹೇಗೆ ವಿವರಿಸಿದ್ದಾರೆ ಅಂತ ನೋಡಬೇಕೆಂದಿದ್ದೇನೆ' ಅಂತ ಶುರು ಮಾಡಿ.

ಒಂದು ಎಚ್ಚರಿಕೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿಯಿಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಫೀಸು ಮತ್ತು ಜೀವನದ ಖರ್ಚು ಎರಡನ್ನೂ ನೋಡಿಕೊಳ್ಳುವ ಒಳ್ಳೆಯ ಯೋಜನೆ. ಆದರೆ 2022ರಿಂದ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲಿನ ವಿಷಯಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನನಗೆ ಈ ನಿಯಮ ತುಂಬಾ ಬೇಸರ ತರಿಸುತ್ತದೆ. ಅಲ್ಲಿಗೆ ಅರ್ಜಿ ಹಾಕುವವರು ಮಿಷನರಿ ವಿಷಯ ಬಿಟ್ಟು ಜರ್ಮನ್ ಸಾಹಿತ್ಯದೊಳಗಿನದೇ ವಿಷಯ ಆರಿಸಬೇಕಾಗುತ್ತದೆ.

ಜರ್ಮನ್ ಓದು ಅಂದರೆ ಜರ್ಮನಿ ಒಂದೇ ಅಲ್ಲ. ಆಸ್ಟ್ರಿಯಾದ ಓಇಎಡಿ ಸಂಸ್ಥೆಯಲ್ಲಿ ಎರ್ನ್ಸ್ಟ್ ಮಾಖ್ ಅನುದಾನ ಇದೆ, ಆಸ್ಟ್ರಿಯನ್ ಸಾಹಿತ್ಯ ಕಲಿಸುವ ಯುವ ಅಧ್ಯಾಪಕರಿಗೆ ಫ್ರಾನ್ಸ್ ವೆರ್ಫೆಲ್ ಅನುದಾನ ಇದೆ. ಸ್ವಿಸ್ ಸರ್ಕಾರದ ಎಕ್ಸಲೆನ್ಸ್ ಸ್ಕಾಲರ್‌ಶಿಪ್ ಸಂಶೋಧಕರಿಗೆ ಸಿಗುತ್ತದೆ, ಬಾಸೆಲ್ ಸಂಗ್ರಹದ ಮೇಲೆ ಕೆಲಸ ಮಾಡುವವರಿಗೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ.

ಅಮೆರಿಕ

ಅಲ್ಲಿ ಜರ್ಮನ್ ಪಿಎಚ್.ಡಿ.ಗೆ ಸೇರಿಸಿಕೊಂಡರೆ ಫೀಸ್ ಮಾಫಿ, ಆರೋಗ್ಯ ವಿಮೆ, ಜೀವನಕ್ಕೆ ಸ್ಟೈಪೆಂಡ್ ಮೂರೂ ಸೇರಿ ಸುಮಾರು ಐದು ವರ್ಷಕ್ಕೆ ಕೊಡುವುದು ದೊಡ್ಡ ವಿಶ್ವವಿದ್ಯಾಲಯಗಳ ಪದ್ಧತಿ. ಬದಲಿಗೆ ನೀವು ಪದವಿ ವಿದ್ಯಾರ್ಥಿಗಳಿಗೆ ಪ್ರಾಥಮಿಕ ಜರ್ಮನ್ ಕಲಿಸಬೇಕು. ಆದ್ದರಿಂದ ಪುಣೆ, ಮುಂಬೈಯಲ್ಲಿ ಎ-1 ಬ್ಯಾಚಿಗೆ ಪಾಠ ಮಾಡಿದ ಅನುಭವ ಇದ್ದರೆ ಅದನ್ನು ಅರ್ಜಿಯ ಮೇಲ್ಗಡೆಯೇ ಬರೆಯಿರಿ. ಅರ್ಜಿಗಳು ಡಿಸೆಂಬರ್, ಜನವರಿಯಲ್ಲಿ. ಇತ್ತೀಚೆಗೆ ಅಲ್ಲಿ ಮಾನವಿಕ ವಿಷಯಗಳಿಗೆ ದುಡ್ಡು ಕಡಿಮೆಯಾಗಿ ಕೆಲವು ವಿಭಾಗಗಳು ಪ್ರವೇಶವನ್ನೇ ತಡೆಹಿಡಿದಿವೆ, ಹಾಗಾಗಿ ಅರ್ಜಿ ಫೀಸು ಕಟ್ಟುವ ಮೊದಲು ಈ ವರ್ಷ ತೆಗೆದುಕೊಳ್ಳುತ್ತೀರಾ ಅಂತ ಒಂದು ಇಮೇಲ್ ಹಾಕಿ. ಫೀಸು ಮಾಫಿ ಕೊಡುತ್ತೀರಾ ಅಂತಲೂ ಅದರಲ್ಲೇ ಕೇಳಿ, ಸಂಕೋಚ ಬೇಡ.

ಪ್ರವೇಶ ಪತ್ರ ಬಂದಾಗ ಒಟ್ಟು ಮೊತ್ತ ನೋಡಿ ಹಿಗ್ಗಬೇಡಿ. ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ, ಬೇಸಿಗೆಯಲ್ಲಿ ಏನು ಗತಿ, ವಿದ್ಯಾರ್ಥಿ ಶುಲ್ಕ ಅಂತ ಎಷ್ಟು ಹಿಡಿದುಕೊಳ್ಳುತ್ತಾರೆ, ಪಾಠ ಎಷ್ಟನೇ ವರ್ಷದಿಂದ, ಇವನ್ನು ಬರಹದಲ್ಲೇ ಕೇಳಿ ತಿಳಿದುಕೊಳ್ಳಿ. ಅಲ್ಲಿನ ವಿಶ್ವವಿದ್ಯಾಲಯಗಳ ನಡುವೆ ಒಂದು ಒಪ್ಪಂದ ಇದೆ. ದುಡ್ಡಿನ ಜೊತೆ ಬಂದ ಪ್ರವೇಶಕ್ಕೆ ಏಪ್ರಿಲ್ 15ರ ತನಕ ಉತ್ತರ ಕೊಡಲು ಸಮಯ ಇರುತ್ತದೆ. ಒಪ್ಪಂದಕ್ಕೆ ಸೇರಿದ ಯಾವ ವಿಭಾಗವೂ ಅದಕ್ಕಿಂತ ಮೊದಲೇ ಹೂಂ ಅನ್ನಿ ಅಂತ ಒತ್ತಾಯ ಮಾಡುವ ಹಾಗಿಲ್ಲ.

ಉಳಿದ ತೂತು ಮುಚ್ಚಲು ಮುಂಬೈಯ ಟ್ರಸ್ಟುಗಳು

ಎಲ್ಲ ಸೇರಿಸಿದರೂ ಒಂದಿಷ್ಟು ಲಕ್ಷ ಕಡಿಮೆ ಬೀಳುತ್ತದೆ. ಅದಕ್ಕೆ ಮುಂಬೈಯಲ್ಲೇ ದಾರಿ ಇದೆ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಹೊರದೇಶದ ಓದಿಗೆ ಸಾಲದ ರೂಪದಲ್ಲಿ ವಿದ್ಯಾರ್ಥಿವೇತನ ಕೊಡುತ್ತಿದೆ. ಕೆ.ಸಿ. ಮಹೀಂದ್ರಾ ಟ್ರಸ್ಟ್ ಮತ್ತು ನರೋತ್ತಮ್ ಸೇಖ್ಸರಿಯಾ ಫೌಂಡೇಶನ್ ಬಡ್ಡಿ ಇಲ್ಲದ ಸಾಲ ಕೊಡುತ್ತವೆ. ಇವುಗಳ ಅರ್ಜಿ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲೇ ಮುಗಿಯುತ್ತದೆ, ಆದರೆ ಜರ್ಮನಿಯ ಹಲವು ಎಂ.ಎ. ಪ್ರವೇಶದ ಕೊನೆಯ ದಿನ ಜುಲೈ 15. ಪ್ರವೇಶ ಪತ್ರ ಬರಲಿ ಆಮೇಲೆ ನೋಡೋಣ ಅಂತ ಕೂತರೆ ಆ ವರ್ಷದ ಸಾಲ ಹೋದ ಹಾಗೆಯೇ. ಅರ್ಜಿ ಹಾಕಿದ ದಾಖಲೆ ಸಾಕಾಗುತ್ತದೆಯಾ ಅಂತ ಟ್ರಸ್ಟಿನ ಕಚೇರಿಗೆ ಫೋನ್ ಮಾಡಿ ಕೇಳಿ. ಸಂದರ್ಶನದಲ್ಲಿ ಸಾಲ ಹೇಗೆ ತೀರಿಸುತ್ತೀರಿ ಅಂತ ಖಂಡಿತ ಕೇಳುತ್ತಾರೆ. ಶಾಲೆ ಕಾಲೇಜಿನಲ್ಲಿ ಜರ್ಮನ್ ಕಲಿಸುವ ಕೆಲಸ, ಅನುವಾದ, ಪುಣೆಯ ಜರ್ಮನ್ ಕಂಪನಿಗಳಲ್ಲಿ ಭಾಷೆ ಬಲ್ಲವರಿಗೆ ಸಿಗುವ ಕೆಲಸ, ಇವುಗಳ ಸಂಬಳ ಎಷ್ಟಿದೆ ಅಂತ ವಿಚಾರಿಸಿ ಅಂಕಿಗಳ ಸಮೇತ ಉತ್ತರ ತಯಾರಿಟ್ಟುಕೊಳ್ಳಿ.

ಈ ಸಾಲದಲ್ಲಿ ಸ್ವಲ್ಪ ಭಾಗವನ್ನು ಮೊದಲ ಎರಡು ತಿಂಗಳಿಗೆ ಅಂತ ಮುಟ್ಟದೆ ಇಡಿ. ಅಲ್ಲಿ ಮನೆ ಹಿಡಿಯುವಾಗ ಮೂರು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳಬಹುದು. ವಿಳಾಸ ನೋಂದಣಿ ಆಗಿ, ಬ್ಯಾಂಕ್ ಖಾತೆ ತೆರೆದು, ಮೊದಲ ಕಂತು ಖಾತೆಗೆ ಬೀಳುವ ತನಕ ವಾರಗಳೇ ಹಿಡಿಯುತ್ತವೆ. ಅಷ್ಟು ದಿನದ ಊಟ, ಬಾಡಿಗೆ, ವಿಮೆ ಎಲ್ಲ ನೀವು ಇಲ್ಲಿಂದ ಒಯ್ದ ದುಡ್ಡಿನಲ್ಲೇ ನಡೆಯಬೇಕು.